ಬಾಸ್ ಮೀನಿನ ಗಾಳಗಾರಿಕೆ

ಬಾಸ್ ಗಾಳಗಾರಿಕೆ ಎಂದರೆ ಉತ್ತರ ಅಮೆರಿಕ ಮೂಲದ, ಮೈಕ್ರಾಪ್ಟೆರಸ್ ಕುಲಕ್ಕೆ ಸೇರಿದ ಸಿಹಿನೀರಿನ ಪರಭಕ್ಷಕ ಮೀನುಗಳನ್ನು ರಾಡು, ರೀಲು, ದಾರ ಮತ್ತು ಹೆಚ್ಚಾಗಿ ಲೂರ್‌ಗಳ ನೆರವಿನಿಂದ ಹಿಡಿಯುವ ಕ್ರೀಡೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸಿಹಿನೀರಿನ ಗಾಳಕ್ರೀಡೆಗಳ ಪೈಕಿ ಅತ್ಯಂತ ಜನಪ್ರಿಯವಾದದ್ದು ಇದೇ. ಈ ಲೇಖನದಲ್ಲಿ ‘ಎರೆ’ ಎಂದರೆ ಹುಳು, ಮರಿಮೀನು ಮುಂತಾದ ನೈಸರ್ಗಿಕ ಆಹಾರ. ‘ಲೂರ್’ ಎಂದರೆ ಮರ, ಲೋಹ, ಪ್ಲಾಸ್ಟಿಕ್ ಅಥವಾ ರಬ್ಬರಿನಿಂದ ಮಾಡಿದ ಕೃತಕ ಎರೆ. ‘ರಿಗ್’ ಎಂದರೆ ದಾರಕ್ಕೆ ಕೊಕ್ಕೆ, ತೂಕ ಮತ್ತು ಲೂರ್‌ಗಳನ್ನು ಕಟ್ಟುವ ಜೋಡಣೆ. ಬಾಸ್ ಹೆಸರಿನ ಕಡಲ ಮೀನುಗಳಿಗೂ ಈ ಕುಲಕ್ಕೂ ಹತ್ತಿರದ ಸಂಬಂಧವಿಲ್ಲ. ಮೈಕ್ರಾಪ್ಟೆರಸ್ ಮೀನುಗಳು ಸೆಂಟ್ರಾರ್ಕಿಡೇ ಎಂಬ ಸನ್‌ಫಿಶ್ ಕುಟುಂಬದವು.

ಮೀನು ಮತ್ತು ಅದರ ಸ್ವಭಾವ

ಸರೋವರ ಮತ್ತು ಕೊಳಗಳಲ್ಲಿ ಮುಖ್ಯವಾಗಿ ಸಿಗುವುದು ಲಾರ್ಜ್‌ಮೌತ್ ಬಾಸ್. ಬಾಯಿ ಮುಚ್ಚಿದಾಗ ಇದರ ಮೇಲ್ದವಡೆಯ ತುದಿ ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿರುತ್ತದೆ. ಸ್ಮಾಲ್‌ಮೌತ್ ಬಾಸ್‌ನಲ್ಲಿ ಅದು ಕಣ್ಣಿನ ಕೆಳಗೇ ನಿಲ್ಲುತ್ತದೆ. ಸ್ಮಾಲ್‌ಮೌತ್‌ಗೆ ತಂಪಾದ, ತಿಳಿಯಾದ, ಕಲ್ಲುತಳದ ನೀರು ಹಿಡಿಸುತ್ತದೆ. ಲಾರ್ಜ್‌ಮೌತ್ ಬೆಚ್ಚಗಿನ, ಕಳೆ ಬೆಳೆದ, ನಿಂತ ನೀರಿಗೂ ಹೊಂದಿಕೊಳ್ಳುತ್ತದೆ. ಕೃಷಿ ಹೊಂಡಗಳಲ್ಲಿ ಸಾಕಲು ಅದನ್ನೇ ಆಯ್ದುಕೊಳ್ಳುವುದಕ್ಕೆ ಇದೂ ಒಂದು ಕಾರಣ. ವೈಜ್ಞಾನಿಕ ಹೆಸರಿನಲ್ಲಿ ಈಚೆಗೆ ಬದಲಾವಣೆಯಾಗಿದೆ. ದೀರ್ಘಕಾಲ ಲಾರ್ಜ್‌ಮೌತ್‌ಗಿದ್ದ ಮೈಕ್ರಾಪ್ಟೆರಸ್ ಸಾಲ್ಮಾಯ್ಡಿಸ್ ಎಂಬ ಹೆಸರು 2022ರ ವಂಶವಾಹಿ ಅಧ್ಯಯನದ ನಂತರ ಫ್ಲಾರಿಡಾ ಬಾಸ್‌ಗೆ ಸಂದಿತು; ಲಾರ್ಜ್‌ಮೌತ್ ಈಗ ಮೈಕ್ರಾಪ್ಟೆರಸ್ ನೈಗ್ರಿಕನ್ಸ್. ಹಳೆಯ ಪುಸ್ತಕಗಳಲ್ಲಿ ಎರಡಕ್ಕೂ ಒಂದೇ ಹೆಸರು ಕಾಣುತ್ತದೆ.

ಬೆಳೆದ ಬಾಸ್ ಸಣ್ಣ ಮೀನು, ಸಿಗಡಿಯನ್ನು ಹೋಲುವ ಕ್ರೇಫಿಶ್, ಕಪ್ಪೆಗಳನ್ನು ತಿನ್ನುತ್ತದೆ. ಸಿಕ್ಕರೆ ಹಾವಿನ ಮರಿ, ಬಾತುಮರಿಗಳನ್ನೂ ಬಿಡುವುದಿಲ್ಲ. ಬೇಟೆಯನ್ನು ದೂರದವರೆಗೆ ಅಟ್ಟಿಕೊಂಡು ಹೋಗುವುದು ಕಡಿಮೆ. ಜೊಂಡು, ಮುಳುಗಿದ ಮರ, ಬಂಡೆ ಅಥವಾ ದೋಣಿಕಟ್ಟೆಯ ನೆರಳಿನಲ್ಲಿ ಹೊಂಚಿ ನಿಂತು, ಹತ್ತಿರ ಬಂದದ್ದರ ಮೇಲೆ ಎರಗುವುದೇ ಅದರ ರೀತಿ. ಬಾಯಿಯನ್ನು ಥಟ್ಟನೆ ಅಗಲಿಸಿ ನೀರಿನೊಂದಿಗೆ ಬೇಟೆಯನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ರುಚಿಸದಿದ್ದರೆ ಅಷ್ಟೇ ಬೇಗ ಉಗುಳುತ್ತದೆ. ತಿಳಿನೀರಿನಲ್ಲಿ ಕಣ್ಣು, ಕದಡಿದ ನೀರಿನಲ್ಲಿ ಮೈಪಕ್ಕದ ಪಾರ್ಶ್ವರೇಖೆ ಬೇಟೆಯ ಸುಳಿವು ಕೊಡುತ್ತವೆ. ಪಾರ್ಶ್ವರೇಖೆಯು ನೀರಿನ ಕಂಪನವನ್ನು ಗ್ರಹಿಸುವ ಅಂಗ.

ಬಾಸ್ ಶೀತರಕ್ತ ಪ್ರಾಣಿಯಾದ್ದರಿಂದ ಅದರ ಹಸಿವು ನೀರಿನ ಉಷ್ಣತೆಯನ್ನು ಅವಲಂಬಿಸಿದೆ. ವಸಂತದಲ್ಲಿ ನೀರು ಸುಮಾರು 15 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಗಂಡುಮೀನು ದಡದ ಬಳಿಯ ತಳದಲ್ಲಿ ಬಾಲದಿಂದ ಗುಡಿಸಿ ತಟ್ಟೆಯಾಕಾರದ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಮೊಟ್ಟೆಗಳನ್ನೂ ಮರಿಗಳನ್ನೂ ಕಾಯುವುದು ಗಂಡಿನ ಕೆಲಸ. ಬಾಸ್ ಹಿಡಿಯುವ ವಿಧಾನಗಳ ವಿವರಗಳೆಲ್ಲ ಕೊನೆಗೆ ನಿಲ್ಲುವುದು ಈ ಎರಡು ಸಂಗತಿಗಳ ಮೇಲೆ: ಮೀನು ಈಗ ಎಷ್ಟು ಆಳದಲ್ಲಿ, ಯಾವ ಮರೆಯಲ್ಲಿದೆ ಎಂಬುದು, ಎಷ್ಟು ವೇಗದ ಬೇಟೆಯನ್ನು ಹಿಡಿಯುವ ಚೈತನ್ಯ ಅದಕ್ಕಿದೆ ಎಂಬುದು.

ಇತಿಹಾಸ

19ನೆಯ ಶತಮಾನದ ಆರಂಭದಲ್ಲಿ ಕೆಂಟಕಿಯ ಪ್ಯಾರಿಸ್ ಎಂಬ ಊರಿನ ಗಡಿಯಾರ ತಯಾರಕ ಜಾರ್ಜ್ ಸ್ನೈಡರ್ ಹಲ್ಲುಚಕ್ರಗಳ ನೆರವಿನಿಂದ ವೇಗವಾಗಿ ಸುತ್ತುವ ರೀಲನ್ನು ರೂಪಿಸಿದ. ಇಂದಿನ ಬೈಟ್‌ಕಾಸ್ಟಿಂಗ್ ರೀಲಿನ ಮೂಲ ಅಲ್ಲಿದೆ. ನ್ಯೂಯಾರ್ಕ್ ರಾಜ್ಯದ ಜೂಲಿಯೋ ಬ್ಯೂಯೆಲ್ 1852ರಲ್ಲಿ ಲೋಹದ ಚಮಚದಾಕಾರದ ಲೂರ್‌ಗೆ ಪೇಟೆಂಟ್ ಪಡೆದ. ಆಗ ಗಾಳಕ್ರೀಡೆಯಲ್ಲಿ ಪ್ರತಿಷ್ಠೆಯಿದ್ದದ್ದು ಟ್ರೌಟ್ ಮತ್ತು ಸಾಲ್ಮನ್ ಮೀನುಗಳಿಗೆ. ವೈದ್ಯ ಜೇಮ್ಸ್ ಹೆನ್‌ಶಾಲ್ 1881ರಲ್ಲಿ ಪ್ರಕಟಿಸಿದ ‘ಬುಕ್ ಆಫ್ ದ ಬ್ಲ್ಯಾಕ್ ಬಾಸ್’ ಬಾಸ್‌ಗೂ ಅದೇ ಮಟ್ಟದ ಮರ್ಯಾದೆ ತಂದಿತು. 1890ರ ದಶಕದಲ್ಲಿ ಮಿಷಿಗನ್‌ನ ಜೇಮ್ಸ್ ಹೆಡನ್ ಮರದಲ್ಲಿ ಕಪ್ಪೆ ಕೆತ್ತಿ ಲೂರ್ ಮಾಡಿದ. ಮರದ ಲೂರ್‌ಗಳ ಉದ್ಯಮಕ್ಕೆ ಅವನ ಕಂಪನಿ ದಾರಿ ತೆರೆಯಿತು.

ನೀರಿನ ವಿಸ್ತಾರ ಹೆಚ್ಚಿದ್ದು 20ನೆಯ ಶತಮಾನದಲ್ಲಿ. 1933ರಲ್ಲಿ ಸ್ಥಾಪನೆಯಾದ ಟೆನೆಸ್ಸೀ ಕಣಿವೆ ಪ್ರಾಧಿಕಾರದ ಅಣೆಕಟ್ಟುಗಳೂ ಆ ಬಳಿಕ ದಕ್ಷಿಣ ರಾಜ್ಯಗಳಲ್ಲಿ ಬಂದ ಜಲಾಶಯಗಳೂ ಬಾಸ್‌ಗೆ ಹೊಸ ನೆಲೆ ಒದಗಿಸಿದವು. ಮಣ್ಣಿನ ಸವಕಳಿ ತಡೆಯುವ ಸರ್ಕಾರಿ ಯೋಜನೆಗಳ ಅಡಿಯಲ್ಲಿ ರೈತರ ಜಮೀನುಗಳಲ್ಲಿ ಹೊಂಡಗಳೂ ತೋಡಲ್ಪಟ್ಟವು. ಅಲಬಾಮದ ಆಬರ್ನ್‌ನಲ್ಲಿ ಹೋಮರ್ ಸ್ವಿಂಗಲ್ ನಡೆಸಿದ ಪ್ರಯೋಗಗಳು ಬಾಸ್ ಮತ್ತು ಬ್ಲೂಗಿಲ್ ಎಂಬ ಸಣ್ಣ ಸನ್‌ಫಿಶ್ ಅನ್ನು ಒಂದೇ ಹೊಂಡದಲ್ಲಿ ಬೆಳೆಸುವ ಪದ್ಧತಿಯನ್ನು ನೆಲೆಗೊಳಿಸಿದವು.

1949ರ ಸುಮಾರಿಗೆ ಒಹಾಯೊ ರಾಜ್ಯದ ಏಕ್ರನ್‌ನಲ್ಲಿ ನಿಕ್ ಕ್ರೀಮ್ ಮೆತ್ತನೆಯ ಪ್ಲಾಸ್ಟಿಕ್ ಎರೆಹುಳು ತಯಾರಿಸಿದ. ಫಿನ್ಲೆಂಡಿನ ಲೌರಿ ರಾಪಾಲಾ 1936ರಲ್ಲಿ ಕೆತ್ತಿದ, ಮಿನ್ನೋ ಎಂಬ ಸಣ್ಣ ಮೀನಿನಾಕಾರದ ಲೂರ್ 1962ರಲ್ಲಿ ‘ಲೈಫ್’ ಪತ್ರಿಕೆಯ ಲೇಖನದಿಂದ ಅಮೆರಿಕದ ಮನೆಮಾತಾಯಿತು. ಅಲಬಾಮದ ವಿಮಾ ಏಜೆಂಟ್ ರೇ ಸ್ಕಾಟ್ 1967ರಲ್ಲಿ ಅರ್ಕನ್ಸಾ ರಾಜ್ಯದ ಬೀವರ್ ಲೇಕ್‌ನಲ್ಲಿ ದೊಡ್ಡ ಪಂದ್ಯ ಏರ್ಪಡಿಸಿ, ಮರುವರ್ಷ ಬಾಸ್ ಆಂಗ್ಲರ್ಸ್ ಸ್ಪೋರ್ಟ್ಸ್‌ಮನ್ ಸೊಸೈಟಿ ಸ್ಥಾಪಿಸಿದ. 1971ರಲ್ಲಿ ಲೇಕ್ ಮೀಡ್‌ನಲ್ಲಿ ನಡೆದ ಮೊದಲ ಬಾಸ್‌ಮಾಸ್ಟರ್ ಕ್ಲಾಸಿಕ್‌ನೊಂದಿಗೆ ವೃತ್ತಿಪರ ಪಂದ್ಯಗಳ ಯುಗ ಆರಂಭವಾಯಿತು. ಆಮೇಲಿನ ಬಹುತೇಕ ಹೊಸ ರಿಗ್‌ಗಳೂ ಲೂರ್‌ಗಳೂ ಪಂದ್ಯಗಳ ಮೂಲಕವೇ ಸಾಮಾನ್ಯ ಬಳಕೆಗೆ ಬಂದಿವೆ.

ಸಲಕರಣೆ

ಬಳಕೆಯಲ್ಲಿರುವ ರೀಲುಗಳು ಮುಖ್ಯವಾಗಿ ಎರಡು ಬಗೆ. ಸ್ಪಿನ್ನಿಂಗ್ ರೀಲು ರಾಡಿನ ಕೆಳಗೆ ತೂಗುತ್ತದೆ. ಅದರ ಸುರುಳಿ ತಿರುಗದೆ ದಾರ ತುದಿಯಿಂದ ಕಳಚಿಕೊಂಡು ಹೋಗುವುದರಿಂದ ಹಗುರ ಲೂರ್‌ಗಳನ್ನು ಸುಲಭವಾಗಿ ಎಸೆಯಬಹುದು. ಬೈಟ್‌ಕಾಸ್ಟಿಂಗ್ ರೀಲು ರಾಡಿನ ಮೇಲೆ ಕೂರುತ್ತದೆ, ಎಸೆಯುವಾಗ ಸುರುಳಿಯೇ ತಿರುಗುತ್ತದೆ. ಹೆಬ್ಬೆರಳಿನಿಂದ ಸುರುಳಿಯನ್ನು ಹದವಾಗಿ ತಡೆಯದಿದ್ದರೆ ದಾರ ಗೋಜಲಾಗುತ್ತದೆ. ಕಲಿಯಲು ಕಷ್ಟವಾದರೂ ಭಾರದ ಲೂರ್‌ಗಳಿಗೆ, ಗುರಿಯಿಟ್ಟು ಎಸೆಯಲು, ಕಳೆಯೊಳಗಿಂದ ಮೀನನ್ನು ಎಳೆದು ತೆಗೆಯಲು ಇದು ಮೇಲು. ರಾಡುಗಳ ಉದ್ದ ಸಾಮಾನ್ಯವಾಗಿ ಆರೂವರೆಯಿಂದ ಏಳೂವರೆ ಅಡಿ.

ದಾರಗಳಲ್ಲಿ ನೈಲಾನ್ ಮಾನೊಫಿಲಮೆಂಟ್ ಹಿಗ್ಗುತ್ತದೆ ಮತ್ತು ನಿಧಾನವಾಗಿ ಮುಳುಗುತ್ತದೆ. ಫ್ಲೋರೋಕಾರ್ಬನ್ ನೀರಿನಲ್ಲಿ ಕಡಿಮೆ ಕಾಣಿಸುತ್ತದೆ, ಬೇಗ ಮುಳುಗುತ್ತದೆ. ತಿಳಿನೀರಿಗೂ ತಳದ ರಿಗ್‌ಗಳಿಗೂ ಸೂಕ್ತ. ಹೆಣೆದ ದಾರ ಹಿಗ್ಗುವುದು ತೀರ ಕಡಿಮೆ, ತೇಲುತ್ತದೆ, ಜೊಂಡನ್ನು ಕೊಯ್ದುಕೊಂಡು ಬರುವಷ್ಟು ಗಟ್ಟಿ.

ಲೂರ್‌ಗಳ ವಿಧಗಳು

ಅಂಗಡಿಯಲ್ಲಿ ಸಾವಿರಾರು ಹೆಸರಿನ ಲೂರ್‌ಗಳಿದ್ದರೂ ಅವು ನೀರಿನ ಯಾವ ಪದರದಲ್ಲಿ, ಯಾವ ವೇಗದಲ್ಲಿ ಚಲಿಸುತ್ತವೆ ಎಂಬುದನ್ನು ನೋಡಿದರೆ ಗುಂಪುಗಳು ಕೆಲವೇ.

*ಮೇಲ್ಮೈ ಲೂರ್‌ಗಳು.* ಇವು ನೀರಿನ ಮೇಲೆ ತೇಲುತ್ತವೆ. ಪಾಪರ್‌ನ ಮುಖ ಒಳಬಾಗಿದ್ದು, ಎಳೆದಾಗ ‘ಬುಳಕ್’ ಎಂದು ನೀರು ಚಿಮ್ಮಿಸುತ್ತದೆ. ಹೆಡನ್ ಕಂಪನಿಯ ಝಾರಾ ಸ್ಪೂಕ್‌ನಂಥ ಉದ್ದನೆಯ ಲೂರ್‌ಗಳು ರಾಡಿನ ತುದಿಯನ್ನು ತಾಳಬದ್ಧವಾಗಿ ಜಗ್ಗಿದಾಗ ಎಡಕ್ಕೂ ಬಲಕ್ಕೂ ಹೊರಳುತ್ತ ಸಾಗುತ್ತವೆ. ಬಝ್‌ಬೈಟ್‌ನ ತಿರುಗುವ ಪಟ್ಟಿ ಸದ್ದು ಮಾಡುತ್ತದೆ. ನಸುಕು, ಮುಸ್ಸಂಜೆ ಮತ್ತು ಮೋಡ ಕವಿದ ಹೊತ್ತು ಇವುಗಳಿಗೆ ಅನುಕೂಲ. ಟೊಳ್ಳು ಮೈಯ ರಬ್ಬರ್ ಕಪ್ಪೆ ಮಾತ್ರ ನಡುಹಗಲಿನಲ್ಲೂ ಕೆಲಸ ಮಾಡುತ್ತದೆ. ಅದರ ಜೋಡಿ ಕೊಕ್ಕೆಗಳು ಬೆನ್ನಿಗೆ ಅಂಟಿಕೊಂಡಿರುವುದರಿಂದ ತಾವರೆಯೆಲೆ, ಪಾಚಿ ಹಾಸುಗಳ ಮೇಲೆ ಸಿಕ್ಕಿಕೊಳ್ಳದೆ ಜಾರುತ್ತದೆ. ಮೀನು ಕಚ್ಚಿದಾಗ ಮೈ ಅದುಮಿಕೊಂಡು ಕೊಕ್ಕೆ ಹೊರಬರುತ್ತದೆ. ನೀರು ಸಿಡಿದ ಕೂಡಲೇ ಜಗ್ಗಿದರೆ ಲೂರ್ ಮೀನಿನ ಬಾಯಿಂದ ಈಚೆಗೆ ಬಂದುಬಿಡುತ್ತದೆ. ಮೀನಿನ ಭಾರ ದಾರದಲ್ಲಿ ತಿಳಿಯುವವರೆಗೆ ಕಾಯಬೇಕು.

*ಕ್ರ್ಯಾಂಕ್‌ಬೈಟ್ ಮತ್ತು ಜರ್ಕ್‌ಬೈಟ್.* ಮೀನಿನಾಕಾರದ ಈ ಗಟ್ಟಿ ಲೂರ್‌ಗಳ ಮೂತಿಗೆ ಪ್ಲಾಸ್ಟಿಕ್ ತುಟಿ ಇರುತ್ತದೆ. ತುಟಿಯ ಉದ್ದ ಮತ್ತು ಕೋನ ಲೂರ್ ಮುಳುಗುವ ಆಳವನ್ನು ನಿರ್ಧರಿಸುತ್ತವೆ. ಚೌಕ ತುಟಿಯ ಕ್ರ್ಯಾಂಕ್‌ಬೈಟ್ ಒಂದೆರಡು ಮೀಟರ್ ಆಳಕ್ಕಷ್ಟೇ ಇಳಿದು, ಮುಳುಗಿದ ಮರದ ಕೊಂಬೆಗಳಿಗೆ ಬಡಿದು ಪಕ್ಕಕ್ಕೆ ಹೊರಳುತ್ತದೆ. ಕಚ್ಚುವುದು ಹೆಚ್ಚಾಗಿ ಹೀಗೆ ಬಡಿದ ಕ್ಷಣದಲ್ಲೇ. ಉದ್ದ ತುಟಿಯವು ಐದಾರು ಮೀಟರಿಗೂ ಇಳಿಯುತ್ತವೆ. ತುಟಿಯಿಲ್ಲದ ಬಗೆ ಮುಳುಗುತ್ತದೆ, ಒಳಗಿನ ಗುಂಡುಗಳು ಗಿಲಕಿಯಂತೆ ಸದ್ದು ಮಾಡುತ್ತವೆ. ನೀರೊಳಗಿನ ಕಳೆಯ ತಲೆ ಸವರುತ್ತ ಎಳೆಯಲು ಇದನ್ನು ಬಳಸುತ್ತಾರೆ. ಜರ್ಕ್‌ಬೈಟ್ ತೆಳ್ಳಗೆ ಉದ್ದವಾಗಿರುತ್ತದೆ. ಅದರ ಒಂದು ಬಗೆ ಎಳೆತ ನಿಲ್ಲಿಸಿದಾಗ ತೇಲದೆ ಮುಳುಗದೆ ಇದ್ದಲ್ಲೇ ನಿಲ್ಲುತ್ತದೆ. ತಣ್ಣನೆಯ ನೀರಿನಲ್ಲಿ ಎರಡು ಜಗ್ಗು, ಆಮೇಲೆ ಹಲವು ಸೆಕೆಂಡುಗಳ ವಿರಾಮ ಎಂಬ ಕ್ರಮ ರೂಢಿಯಲ್ಲಿದೆ.

*ಸ್ಪಿನ್ನರ್‌ಬೈಟ್.* ಬಾಗಿಸಿದ ತಂತಿಯ ಒಂದು ತುದಿಯಲ್ಲಿ ಸೀಸದ ತಲೆ, ಕೊಕ್ಕೆ, ಸಿಲಿಕೋನ್ ಎಳೆಗಳ ಲಂಗ. ಇನ್ನೊಂದು ತುದಿಯಲ್ಲಿ ತಿರುಗುವ ಲೋಹದ ಎಲೆ. ಕೊಲೊರಾಡೊ ಎಂಬ ದುಂಡನೆಯ ಎಲೆ ಹೆಚ್ಚು ಕಂಪನ ಕೊಡುತ್ತದೆ, ಕದಡಿದ ನೀರಿಗೂ ನಿಧಾನ ಎಳೆತಕ್ಕೂ ತಕ್ಕದ್ದು. ವಿಲೋ ಎಂಬ ಚೂಪಾದ ಎಲೆ ಹೆಚ್ಚು ಮಿನುಗುತ್ತದೆ, ತಿಳಿನೀರಿನಲ್ಲಿ ವೇಗವಾಗಿ ಎಳೆಯಲು ಬರುತ್ತದೆ. ಹೊಸ ನೀರಿನಲ್ಲಿ ಮೀನು ಎಲ್ಲಿದೆಯೆಂದು ತಿಳಿಯದಾಗ ಬೇಗ ಬೇಗ ಹುಡುಕಿ ನೋಡಲು ಇದು ಮತ್ತು ಕ್ರ್ಯಾಂಕ್‌ಬೈಟ್ ಒದಗುತ್ತವೆ.

*ಜಿಗ್.* ತಲೆಯಲ್ಲಿ ತೂಕವಿರುವ ಕೊಕ್ಕೆ, ಮೇಲೆ ಲಂಗ, ಕಳೆಗೆ ಸಿಕ್ಕದಂತೆ ನಾರಿನ ತಡೆ, ಹಿಂಬದಿಗೆ ಮೆತ್ತನೆಯ ಪ್ಲಾಸ್ಟಿಕ್ ಬಾಲ. ತಳದಲ್ಲಿ ಕುಪ್ಪಳಿಸುವ ಜಿಗ್ ಕ್ರೇಫಿಶ್‌ನಂತೆ ತೋರುತ್ತದೆ. ದೊಡ್ಡ ಮೀನುಗಳಿಗೆ ಇದು ಹೆಸರುವಾಸಿ.

*ಮೆತ್ತನೆಯ ಪ್ಲಾಸ್ಟಿಕ್.* ಹುಳು, ಹಲ್ಲಿ, ಕ್ರೇಫಿಶ್, ಕಡ್ಡಿ ಹೀಗೆ ಹಲವು ಆಕಾರಗಳಿವೆ. ಬಾಯಿಗೆ ಮೆತ್ತಗಿರುವುದರಿಂದ ಬಾಸ್ ಇದನ್ನು ಉಗುಳಲು ತುಸು ತಡಮಾಡುತ್ತದೆ. ಕಚ್ಚಿದ್ದನ್ನು ಗುರುತಿಸಿ ಜಗ್ಗಲು ಅಷ್ಟು ಅವಕಾಶ ಸಾಕು. ಕೊಕ್ಕೆಯ ಮೊನೆಯನ್ನು ಮೈಯೊಳಗೇ ಹುದುಗಿಸಬಹುದಾದ್ದರಿಂದ ಬೇರೆ ಲೂರ್‌ಗಳು ಹೋಗಲಾರದ ಜೊಂಡು, ಮುಳ್ಳುಪೊದೆಗಳ ನಡುವೆಯೂ ಸಾಗುತ್ತದೆ. ಕಲಿಯುವವರು ಒಂದೇ ಲೂರ್ ಆರಿಸಿಕೊಳ್ಳಬೇಕಾದರೆ ಅದು ಪ್ಲಾಸ್ಟಿಕ್ ಹುಳುವೇ ಆಗಿರಬೇಕು ಎನ್ನುವಷ್ಟು ಇದರ ವ್ಯಾಪ್ತಿ ದೊಡ್ಡದು.

ಲೋಹದ ಚಮಚ ಲೂರ್ ಇಂದು ಆಳದ ನೀರಿನಲ್ಲಿ ನೇರ ಕೆಳಕ್ಕೆ ಬಿಟ್ಟು ಎತ್ತಿ ಇಳಿಸಲು ಹೆಚ್ಚಾಗಿ ಬಳಕೆಯಾಗುತ್ತದೆ. ಕ್ಯಾಲಿಫೋರ್ನಿಯದ ಜಲಾಶಯಗಳಲ್ಲಿ ಟ್ರೌಟ್ ಮೀನುಗಳನ್ನು ತಿಂದು ಕೊಬ್ಬಿದ ಬಾಸ್‌ಗಾಗಿ ಗೇಣುದ್ದಕ್ಕೂ ಮೀರಿದ, ಸ್ವಿಮ್‌ಬೈಟ್ ಎಂಬ ಮೀನಿನಾಕಾರದ ಲೂರ್‌ಗಳು ರೂಪುಗೊಂಡವು.

ರಿಗ್‌ಗಳು

ಪ್ಲಾಸ್ಟಿಕ್ ಲೂರ್‌ನ ನಡತೆ ಅದನ್ನು ಕಟ್ಟುವ ರಿಗ್‌ಗೆ ತಕ್ಕಂತೆ ಬದಲಾಗುತ್ತದೆ. ಟೆಕ್ಸಸ್ ರಿಗ್‌ನಲ್ಲಿ ಬುಲೆಟ್ ಆಕಾರದ ತೂಕ ದಾರದ ಮೇಲೆ ಜಾರುತ್ತ ಲೂರ್‌ನ ಮೂತಿಗೆ ತಾಗಿ ನಿಲ್ಲುತ್ತದೆ, ಕೊಕ್ಕೆಯ ಮೊನೆ ಹುಳುವಿನೊಳಗೆ ಅಡಗಿರುತ್ತದೆ. ಕೆರೊಲೈನ ರಿಗ್‌ನಲ್ಲಿ ಭಾರದ ತೂಕ ಮುಂದಿದ್ದು, ಸ್ವಿವೆಲ್ ಎಂಬ ತಿರುಗುವ ಕೊಂಡಿಯ ಆಚೆಗೆ ಅರ್ಧದಿಂದ ಒಂದು ಮೀಟರ್ ದಾರದ ತುದಿಯಲ್ಲಿ ಲೂರ್ ಸ್ವತಂತ್ರವಾಗಿ ಆಡುತ್ತದೆ. ಜಲಾಶಯದ ಆಳದ ದಿಬ್ಬಗಳನ್ನು ಶೋಧಿಸಲು ಇದು ಅನುಕೂಲ. ಜಪಾನಿನಲ್ಲಿ ಪ್ರಚಾರಕ್ಕೆ ಬಂದ ಡ್ರಾಪ್‌ಶಾಟ್‌ನಲ್ಲಿ ತೂಕ ದಾರದ ತುದಿಯಲ್ಲಿ, ಕೊಕ್ಕೆ ಅದಕ್ಕಿಂತ ಗೇಣೋ ಮೊಳವೋ ಮೇಲೆ. ಲೂರ್ ತಳಕ್ಕೆ ತಾಗದೆ ಒಂದೇ ಕಡೆ ನಡುಗುತ್ತಿರುತ್ತದೆ. ವ್ಯಾಕಿ ರಿಗ್‌ನಲ್ಲಿ ಕೊಕ್ಕೆಯನ್ನು ಕಡ್ಡಿಯಾಕಾರದ ಲೂರ್‌ನ ನಟ್ಟನಡುವೆ ಚುಚ್ಚುತ್ತಾರೆ, ಎರಡು ತುದಿಗಳೂ ಅಲುಗುತ್ತ ಅದು ನಿಧಾನವಾಗಿ ಇಳಿಯುತ್ತದೆ. ನೆಡ್ ರಿಗ್ ಅಣಬೆಯಾಕಾರದ ಹಗುರ ತಲೆಯ ಮೇಲೆ ಬೆರಳುದ್ದದ ಪ್ಲಾಸ್ಟಿಕ್ ತುಂಡು; ಅತಿಯಾಗಿ ಗಾಳ ಕಂಡು ಹುಷಾರಾದ ಮೀನುಗಳಿಗೆ ಇದು ಒಗ್ಗುತ್ತದೆ.

ಎಸೆತದಲ್ಲೂ ಭೇದಗಳಿವೆ. ಕ್ಯಾಲಿಫೋರ್ನಿಯದ ಡೀ ಥಾಮಸ್ 1970ರ ದಶಕದಲ್ಲಿ ಪಂದ್ಯಗಳಿಗೆ ತಂದ ಫ್ಲಿಪ್ಪಿಂಗ್ ಎಂಬ ರೀತಿಯಲ್ಲಿ ದೂರ ಎಸೆಯುವುದಿಲ್ಲ. ಉದ್ದ ರಾಡು ಹಿಡಿದು, ಕೈಯಲ್ಲಿ ಎಳೆದುಕೊಂಡ ದಾರವನ್ನು ಲೋಲಕದಂತೆ ತೂಗಿ, ಜಿಗ್ಗನ್ನು ಸದ್ದಿಲ್ಲದೆ ಪೊದೆಯ ಸಂದಿಗೆ ಇಳಿಬಿಡುತ್ತಾರೆ.

ಋತು ಮತ್ತು ಆಳ

ವಸಂತದ ಆರಂಭದಲ್ಲಿ ಮೀನುಗಳು ಆಳದಿಂದ ದಡದತ್ತ ಬರುತ್ತವೆ. ಬಿಸಿಲು ಬೀಳುವ ಉತ್ತರದ ದಡಗಳು ಮೊದಲು ಬೆಚ್ಚಗಾಗುವುದರಿಂದ ಅಲ್ಲಿ ತುಟಿಯಿಲ್ಲದ ಕ್ರ್ಯಾಂಕ್‌ಬೈಟ್, ಜರ್ಕ್‌ಬೈಟ್, ಜಿಗ್ ಬಳಸುತ್ತಾರೆ. ಗೂಡಿನ ಮೇಲಿರುವ ಗಂಡು ಹಸಿವಿಗಲ್ಲ, ಗೂಡು ಕಾಯಲು ಕಚ್ಚುತ್ತದೆ. ಅದನ್ನು ಹಿಡಿದು ಎತ್ತಿದ ಕೆಲವೇ ನಿಮಿಷಗಳಲ್ಲಿ ಬ್ಲೂಗಿಲ್‌ನಂಥ ಮೀನುಗಳು ಮೊಟ್ಟೆಗಳಿಗೆ ಮುತ್ತುತ್ತವೆ. ಕೆನಡಾದ ಆಂಟೇರಿಯೊ ಪ್ರಾಂತದ ದಕ್ಷಿಣ ಭಾಗದಲ್ಲಿ ಬಾಸ್ ಋತು ಜೂನ್ ಕೊನೆಯ ಹೊತ್ತಿಗೆ ತೆರೆಯುವುದು ಈ ಕಾರಣಕ್ಕೇ.

ಬೇಸಿಗೆಯಲ್ಲಿ ಆಳದ ಸರೋವರಗಳ ನೀರು ಪದರುಗಳಾಗಿ ಬೇರ್ಪಡುತ್ತದೆ. ಮೇಲಿನ ಬಿಸಿ ಪದರಕ್ಕೂ ಕೆಳಗಿನ ತಣ್ಣನೆಯ ಪದರಕ್ಕೂ ನಡುವೆ ಥರ್ಮೊಕ್ಲೈನ್ ಎಂಬ ಗಡಿಯಿದ್ದು, ಪೋಷಕಾಂಶ ಹೆಚ್ಚಿರುವ ನೀರಿನಲ್ಲಿ ಅದರ ಕೆಳಗೆ ಆಮ್ಲಜನಕ ಉಳಿಯುವುದಿಲ್ಲ. ಅಲ್ಲಿ ಲೂರ್ ಇಳಿಸಿ ಪ್ರಯೋಜನವಿಲ್ಲ. ಮೀನು ಗಡಿಯ ಮೇಲೆ, ಇಲ್ಲವೇ ದಟ್ಟ ಕಳೆಯ ನೆರಳಿನಲ್ಲಿ ಇರುತ್ತದೆ. ಶರತ್ಕಾಲದಲ್ಲಿ ಶ್ಯಾಡ್ ಎಂಬ ಬೆಳ್ಳಿಬಣ್ಣದ ಮೀನುಗಳ ಹಿಂಡು ಜಲಾಶಯದ ಹಿನ್ನೀರ ಕವಲುಗಳಿಗೆ ಸರಿದಾಗ ಬಾಸ್ ಹಿಂಬಾಲಿಸುತ್ತದೆ. ಆಗ ಸ್ಪಿನ್ನರ್‌ಬೈಟ್, ಮೇಲ್ಮೈ ಲೂರ್‌ಗಳಿಗೆ ಒಳ್ಳೆಯ ಕಾಲ. ಚಳಿಗಾಲದಲ್ಲಿ ನೀರು 10 ಡಿಗ್ರಿಗಿಂತ ಕೆಳಗಿಳಿದರೆ ಸಣ್ಣ ಲೂರ್, ತೀರ ನಿಧಾನದ ಎಳೆತ.

ಕೊಳ ಮತ್ತು ಸರೋವರ

ಕೊಳದಲ್ಲಿ ದೋಣಿ, ಮೀನು ಹುಡುಕುವ ಸೋನಾರ್ ಯಂತ್ರ ಬೇಕಿಲ್ಲ. ಏರಿಯ ಬುಡದ ಆಳ, ನೀರು ಬಂದು ಸೇರುವ ಬಾಯಿ, ತೂಬಿನ ಸುತ್ತ, ಕೋಡಿಯ ಮೂಲೆ, ಜೊಂಡಿನ ಅಂಚು ಇವು ಮೊದಲು ನೋಡಬೇಕಾದ ಜಾಗಗಳು. ಮೀನುಗಳು ದಡಕ್ಕೆ ಹತ್ತಿರ ಇರುವುದರಿಂದ ನೇರ ನಡುವಿಗೆ ಎಸೆಯುವುದಕ್ಕಿಂತ ದಡಕ್ಕೆ ಸಮಾನಾಂತರವಾಗಿ ಎಸೆಯುವುದು ಲಾಭ. ಮನುಷ್ಯನ ನೆರಳು ಮತ್ತು ಹೆಜ್ಜೆಯ ಅದುರು ಕೊಳದ ಮೀನಿಗೆ ಬೇಗ ತಿಳಿಯುತ್ತವೆ. ತೂಕವಿಲ್ಲದ ಕಡ್ಡಿ ಲೂರ್, ಸಣ್ಣ ಟೆಕ್ಸಸ್ ರಿಗ್, ರಬ್ಬರ್ ಕಪ್ಪೆ ಇಷ್ಟಿದ್ದರೆ ಹೆಚ್ಚಿನ ಕೊಳಗಳಿಗೆ ಸಾಕು.

ನೈಸರ್ಗಿಕ ಸರೋವರದಲ್ಲಿ ಕಳೆಯ ಹೊರಅಂಚು ಮುಖ್ಯ. ಮಾನವನಿರ್ಮಿತ ಜಲಾಶಯದಲ್ಲಿ ಮುಳುಗಿದ ಹಳೆಯ ಹೊಳೆಪಾತ್ರ, ರಸ್ತೆ, ಸೇತುವೆಯ ಕಂಬ, ನೀರಿಗೆ ಚಾಚಿದ ದಿಣ್ಣೆಗಳು ಮುಖ್ಯ. ಹೀಗಾಗಿ ಜಲಾಶಯಕ್ಕೆ ಹೋಗುವವರು ನೀರು ತುಂಬುವ ಮೊದಲಿನ ಭೂಪಟಗಳನ್ನೂ ನೋಡುವುದುಂಟು.

ಬಣ್ಣ

ತಿಳಿನೀರಿಗೆ ಹಸಿರು ಮಿಶ್ರಿತ ಕಂದು, ಪಾರದರ್ಶಕ ಬಣ್ಣಗಳು. ಕದಡಿದ ನೀರಿಗೆ ಕಪ್ಪು-ನೀಲಿ ಅಥವಾ ಕಣ್ಣಿಗೆ ಹೊಡೆಯುವ ಹಳದಿ-ಹಸಿರು ಎಂಬುದು ರೂಢಿ. 2019ರಲ್ಲಿ ಪ್ರಕಟವಾದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧನೆಯ ಪ್ರಕಾರ ಬಾಸ್‌ನ ಕಣ್ಣು ಕೆಂಪು ಮತ್ತು ಹಸಿರನ್ನು ಚೆನ್ನಾಗಿ ಬೇರ್ಪಡಿಸುತ್ತದೆ, ಆದರೆ ಹಳದಿ-ಹಸಿರಿಗೂ ಬಿಳಿಗೂ, ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ಕಾಣುವುದು ಅದಕ್ಕೆ ಕಷ್ಟ. ಅಂಗಡಿಯ ಬಣ್ಣವೈವಿಧ್ಯದಲ್ಲಿ ಒಂದಷ್ಟು ಭಾಗ ಕೊಳ್ಳುವವರ ಕಣ್ಣಿಗಾಗಿಯೇ ಇದೆ.

ಹಿಡಿದು ಬಿಡುವ ಪದ್ಧತಿ

ರೇ ಸ್ಕಾಟ್‌ನ ಸಂಸ್ಥೆ 1972ರಲ್ಲಿ ಹಿಡಿದ ಮೀನನ್ನು ಜೀವಂತ ಬಿಡುವ ಪ್ರಚಾರ ಆರಂಭಿಸಿತು. ಇಂದು ಬಾಸ್ ಹಿಡಿಯುವವರಲ್ಲಿ ಅದೇ ರೂಢಿ. ಮೀನಿನ ಕೆಳದವಡೆಯನ್ನು ಹೆಬ್ಬೆರಳು, ತೋರುಬೆರಳಿನಿಂದ ಹಿಡಿದು ಇನ್ನೊಂದು ಕೈಯಿಂದ ಹೊಟ್ಟೆಗೆ ಆಸರೆ ಕೊಡಬೇಕು. ಒಣ ಕೈಯಿಂದ ಮುಟ್ಟಿದರೆ ಮೈಮೇಲಿನ ರಕ್ಷಕ ಲೋಳೆ ಹೋಗುತ್ತದೆ. ಆದರೆ ಕೊಳಗಳಲ್ಲಿ ಎಲ್ಲವನ್ನೂ ಬಿಡುವುದು ಸರಿಯಲ್ಲ. ಸಣ್ಣ ಬಾಸ್‌ಗಳು ಅತಿಯಾದರೆ ಆಹಾರ ಸಾಲದೆ ಯಾವುದೂ ಬೆಳೆಯುವುದಿಲ್ಲ. ಅಂಥಲ್ಲಿ ಸಣ್ಣವನ್ನು ತೆಗೆದು ತಿನ್ನಲು ಮೀನುಗಾರಿಕಾ ಇಲಾಖೆಗಳೇ ಸಲಹೆ ಮಾಡುತ್ತವೆ. ಇಲಿನಾಯ್‌ನ ರಿಡ್ಜ್ ಲೇಕ್‌ನಿಂದ ಆರಂಭವಾದ ದೀರ್ಘಕಾಲದ ಪ್ರಯೋಗ ಗಾಳಕ್ಕೆ ಬೇಗ ಸಿಕ್ಕಿಬೀಳುವ ಗುಣ ವಂಶಪಾರಂಪರ್ಯವಾಗಿ ಬರುತ್ತದೆ ಎಂದೂ ತೋರಿಸಿದೆ.

ದಾಖಲೆಗಳು

1932ರ ಜೂನ್ 2ರಂದು ಜಾರ್ಜಿಯ ರಾಜ್ಯದ ಮಾಂಟ್‌ಗೊಮರಿ ಲೇಕ್‌ನಲ್ಲಿ ಜಾರ್ಜ್ ಪೆರಿ ಹಿಡಿದ ಬಾಸ್ 22 ಪೌಂಡ್ 4 ಔನ್ಸ್, ಅಂದರೆ ಸುಮಾರು 10.09 ಕಿಲೊ ತೂಗಿತು. 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದದ್ದು ಒಂದು ಔನ್ಸಿನಷ್ಟು ಹೆಚ್ಚಿತ್ತು. ಹಳೆಯ ದಾಖಲೆ ಮುರಿಯಲು ಕನಿಷ್ಠ ಎರಡು ಔನ್ಸ್ ಹೆಚ್ಚಿರಬೇಕೆಂಬ ನಿಯಮದಿಂದಾಗಿ ಇಬ್ಬರೂ ಲಾರ್ಜ್‌ಮೌತ್‌ನ ವಿಶ್ವದಾಖಲೆಗೆ ಸಮಾನ ಒಡೆಯರು. ಕುರಿತಾ ಬಳಸಿದ್ದು ಲೂರ್ ಅಲ್ಲ, ಜೀವಂತ ಬ್ಲೂಗಿಲ್.

ಹರಡುವಿಕೆ ಮತ್ತು ಹಾನಿ

ಕ್ರೀಡೆಗಾಗಿ ಬಾಸ್ ಅನ್ನು ಯುರೋಪ್, ಆಫ್ರಿಕ, ಏಷ್ಯ, ಲ್ಯಾಟಿನ್ ಅಮೆರಿಕಗಳಿಗೆ ಒಯ್ಯಲಾಗಿದೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಾರ್ಜ್‌ಮೌತ್ ಇದೆ. ಗ್ವಾಟೆಮಾಲಾದ ಅಟಿಟ್ಲಾನ್ ಸರೋವರಕ್ಕೆ 1950ರ ದಶಕದ ಕೊನೆಯಲ್ಲಿ ಬಾಸ್ ಬಿಟ್ಟದ್ದು, ಅಲ್ಲಿ ಮಾತ್ರ ಇದ್ದ ಅಟಿಟ್ಲಾನ್ ಗ್ರೀಬ್ ಎಂಬ ನೀರುಹಕ್ಕಿಯ ಅಳಿವಿಗೆ ಒಂದು ಕಾರಣವಾಯಿತು. ಜಪಾನಿಗೆ ಇದು 1925ರಲ್ಲಿ ಬಂದಿತು. ಬಿವಾ ಸರೋವರವಿರುವ ಶಿಗಾ ಪ್ರಾಂತದಲ್ಲಿ ಹಿಡಿದ ಬಾಸ್ ಅನ್ನು ಮರಳಿ ನೀರಿಗೆ ಬಿಡುವುದನ್ನು 2003ರಿಂದ ನಿಷೇಧಿಸಲಾಗಿದೆ. ಅಮೆರಿಕದಲ್ಲಿ ಪುಣ್ಯವೆನಿಸಿದ ಕೆಲಸ ಅಲ್ಲಿ ನಿಯಮಭಂಗ.

ಸಲಕರಣೆಯಿಂದಲೂ ಹಾನಿಯಿದೆ. ಸೀಸದ ತೂಕಗಳನ್ನು ನುಂಗಿ ಲೂನ್ ಹಕ್ಕಿಗಳು ಸಾಯುವುದು ದೃಢಪಟ್ಟ ಮೇಲೆ ನ್ಯೂ ಹ್ಯಾಂಪ್‌ಶೈರ್ ಮುಂತಾದ ರಾಜ್ಯಗಳು ಸಣ್ಣ ಸೀಸದ ತೂಕಗಳನ್ನು ನಿಷೇಧಿಸಿವೆ. ಟಂಗ್‌ಸ್ಟನ್ ಆ ಜಾಗಕ್ಕೆ ಬಂದಿದೆ. ಹರಿದ ಪ್ಲಾಸ್ಟಿಕ್ ಹುಳುಗಳು ಸರೋವರದ ತಳದಲ್ಲಿ ಉಳಿಯುತ್ತವೆ, ಮೀನಿನ ಹೊಟ್ಟೆಯಲ್ಲೂ ಸಿಗುತ್ತವೆ.

ಇಂದಿನ ಸ್ಥಿತಿ

ಈಚಿನ ದೊಡ್ಡ ಬದಲಾವಣೆ ಮುಮ್ಮುಖ ಸೋನಾರ್. ದೋಣಿಯ ಮುಂದಿರುವ ಮೀನನ್ನೂ ಅದರತ್ತ ಸಾಗುವ ಲೂರ್ ಅನ್ನೂ ಆ ಕ್ಷಣದಲ್ಲೇ ಪರದೆಯ ಮೇಲೆ ತೋರಿಸುವ ಈ ಯಂತ್ರ 2018ರಿಂದ ಹರಡಿತು. ಹೊಂಚುತಾಣಗಳನ್ನು ಊಹಿಸಿ ಎಸೆಯುವ ಹಳೆಯ ಕೌಶಲಕ್ಕೆ ಇದರಿಂದ ಬೆಲೆ ತಗ್ಗಿತು ಎಂಬ ವಿವಾದದ ನಡುವೆ ಪ್ರಮುಖ ಪಂದ್ಯ ಸಂಸ್ಥೆಗಳು ಅದರ ಬಳಕೆಗೆ ಮಿತಿ ಹಾಕಿವೆ.

ಕರ್ನಾಟಕದ ಕೆರೆ, ಜಲಾಶಯಗಳಿಗೆ ಬಾಸ್ ಸಹಜ ಮೀನಲ್ಲ. ಇಲ್ಲಿಗೆ ತಂದು ಬಿಡುವುದು ಸ್ಥಳೀಯ ಮೀನುಗಳಿಗೆ ಅಪಾಯಕಾರಿ. ಬಾಸ್‌ಗೆಂದು ಹುಟ್ಟಿದ ಲೂರ್‌ಗಳು ಮಾತ್ರ ಇಲ್ಲಿಗೂ ಬಂದಿವೆ. ಕಳೆ ತುಂಬಿದ ನೀರಿನಲ್ಲಿ ಹೊಂಚುಹಾಕುವ ಮುರೆಲ್ ಎಂಬ ಹಾವುತಲೆ ಮೀನಿಗೆ ದಕ್ಷಿಣ ಭಾರತದ ಹವ್ಯಾಸಿಗಳು ರಬ್ಬರ್ ಕಪ್ಪೆ ಬಳಸುತ್ತಾರೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಗಾಳ ಹಾಕುವ ಮುನ್ನ ಆಯಾ ರಾಜ್ಯದ ಪರವಾನಗಿ ಪಡೆಯಬೇಕು. ಹೆಚ್ಚಿನ ರಾಜ್ಯಗಳಲ್ಲಿ 16 ವರ್ಷ ತುಂಬಿದವರಿಗೆಲ್ಲ ಇದು ಕಡ್ಡಾಯ. ಪರವಾನಗಿಯ ಶುಲ್ಕದೊಂದಿಗೆ, 1950ರ ಡಿಂಗೆಲ್-ಜಾನ್ಸನ್ ಕಾಯ್ದೆಯಂತೆ ರಾಡು, ರೀಲು, ಲೂರ್‌ಗಳ ಮೇಲೆ ವಿಧಿಸುವ ಶೇ. 10ರ ಸುಂಕವೂ ರಾಜ್ಯಗಳ ಮೀನು ಸಂರಕ್ಷಣೆಗೆ ಹೋಗುತ್ತದೆ.